ಮುಳ್ಳನ್ನು ನಂಬುವ ಮೊದಲು: ಕಾರವಾರ–ಅಂಕೋಲೆಯ ದಾರಿಯಲ್ಲಿ ಆಯಿಲ್ ಪ್ರೆಶರ್ ಮೀಟರಿನ ಚರಿತ್ರೆ

ಓಡುತ್ತಿರುವ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟಿಗೂ ಅದನ್ನು ಹೊತ್ತ ಬೇರಿಂಗಿಗೂ ನಡುವೆ ಕೂದಲೆಳೆಗಿಂತ ತೆಳುವಾದ ಆಯಿಲ್ ಪದರವಿರುತ್ತದೆ. ಪಂಪು ಒತ್ತಿ ಕಳಿಸುವ ಆಯಿಲ್ ಆ ಪದರವನ್ನು ಕಾಯುತ್ತದೆ. ಒತ್ತಡ ಬಿದ್ದರೆ ಪದರ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ. ಸ್ವಲ್ಪ ಹೊತ್ತಿನಲ್ಲೇ ಬೇರಿಂಗ್ ಕಚ್ಚಿಕೊಂಡು ಎಂಜಿನ್ ನಿಲ್ಲುತ್ತದೆ. ಇದರ ಮುನ್ಸೂಚನೆ ಕೊಡಲೆಂದೇ ಚಾಲಕನ ಮುಂದೆ ಆಯಿಲ್ ಪ್ರೆಶರ್ ಮೀಟರು ಇರುತ್ತದೆ. ತೊಂದರೆ ಏನೆಂದರೆ, ಮೀಟರೂ ಕೆಡುತ್ತದೆ. ಕೆಟ್ಟ ಮೀಟರನ್ನು ನಂಬಿ ಒಳ್ಳೆಯ ಎಂಜಿನ್ನನ್ನು ಬಿಚ್ಚಿದವರೂ ಉಂಟು, ಒಳ್ಳೆಯ ಮೀಟರನ್ನು ಕೆಟ್ಟದ್ದೆಂದು ಬಗೆದು ಎಂಜಿನ್ ಸುಟ್ಟುಕೊಂಡವರೂ ಉಂಟು. ಎರಡನ್ನೂ ಬೇರ್ಪಡಿಸುವ ವಿದ್ಯೆ ಮೋಟಾರು ಕಸುಬಿನ ಜೊತೆಗೇ ಬೆಳೆದು ಬಂತು. ವಾಹನಗಳ ತಲೆಮಾರು ಬದಲಾದಂತೆಲ್ಲ ತಪ್ಪು ಹುಟ್ಟುವ ಜಾಗ ಬದಲಾಯಿತು, ಅದನ್ನು ಹುಡುಕುವ ದಾರಿಯೂ ಬದಲಾಯಿತು. ಕಡಲ ಉಪ್ಪುಗಾಳಿ ಒಂದು ತುದಿಗೆ, ಅಂಕೋಲೆಯಾಚೆಯ ಅರಬೈಲ್ ಘಟ್ಟದ ಏರು ಇನ್ನೊಂದು ತುದಿಗೆ ಇರುವ ಕಾರವಾರ–ಅಂಕೋಲೆಯ ದಾರಿಯಲ್ಲಿ ಈ ಬದಲಾವಣೆಯನ್ನು ಹಂತ ಹಂತವಾಗಿ ನೋಡಬಹುದು.

ಲಾರಿಯನ್ನೇ ನೆಚ್ಚಿದ ಕರಾವಳಿ

ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ಹೋದ ಕಾಲವದು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದ ಬಂದರಿಗೆ ಇಳಿಸುವುದಕ್ಕಾಗಿ ಘಟ್ಟದ ರಸ್ತೆಗಳಿಗೆ ಮಹತ್ವ ಬಂತು. ಆದರೆ 1880ರ ದಶಕದ ಕೊನೆಯ ಹೊತ್ತಿಗೆ ಹುಬ್ಬಳ್ಳಿ ಕಡೆಯ ರೈಲು ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಗೋವೆಯ ಮರ್ಮಗೋವಾ ಬಂದರನ್ನು ತಲುಪಿದ್ದರಿಂದ ಕಾರವಾರದ ವ್ಯಾಪಾರ ಅತ್ತ ಸರಿಯಿತು. ಕಾರವಾರಕ್ಕೆ ರೈಲು ಬಂದದ್ದು ಕೊಂಕಣ ರೈಲ್ವೆಯ ಮೂಲಕ, 1990ರ ದಶಕದಲ್ಲಿ. ಆ ಮಾರ್ಗ ಪೂರ್ತಿಯಾಗಿ ತೆರೆದುಕೊಂಡದ್ದು 1998ರ ಜನವರಿ 26ರಂದು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗವಂತೂ ಅರಣ್ಯ ಮತ್ತು ಪರಿಸರದ ಅನುಮತಿಯ ತಕರಾರಿನಲ್ಲೇ ದಶಕಗಳನ್ನು ಕಳೆದಿದೆ.

ಹೀಗಾಗಿ ಇಪ್ಪತ್ತನೆಯ ಶತಮಾನದ ಉದ್ದಕ್ಕೂ ಇಲ್ಲಿನ ಸರಕು ಸಾಗಣೆ ರಸ್ತೆಯನ್ನೇ ನೆಚ್ಚಬೇಕಾಯಿತು. ಅಂಕೋಲೆಯ ಬಳಿಯ ಬಾಳೆಗುಳಿಯಲ್ಲಿ ಕರಾವಳಿ ರಸ್ತೆಯಿಂದ ಕವಲೊಡೆಯುವ ದಾರಿ ರಾಮನಗುಳಿಯ ಆಚೆ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ, ಕಲಘಟಗಿ ದಾಟಿ ಹುಬ್ಬಳ್ಳಿ ಸೇರುತ್ತದೆ. ಹಿಂದೆ ಇದು ರಾಷ್ಟ್ರೀಯ ಹೆದ್ದಾರಿ 63 ಆಗಿತ್ತು, ಈಗ 52. ಸಮುದ್ರಮಟ್ಟದಲ್ಲಿ ಹೊರಟ ಲಾರಿ ಯಲ್ಲಾಪುರ ಮುಟ್ಟುವ ಹೊತ್ತಿಗೆ ಸುಮಾರು 500 ಮೀಟರ್ ಮೇಲಕ್ಕೆ ಬಂದಿರುತ್ತದೆ. ಆ ಏರಿಕೆಯ ಬಹುಪಾಲು ಕಾಡಿನ ನಡುವಿನ ತಿರುವುಗಳಲ್ಲಿದೆ. ಅಲ್ಲಿ ಎಂಜಿನ್ ಕಚ್ಚಿಕೊಂಡರೆ ಲಾರಿಯನ್ನು ಎಳೆದು ತರುವುದೇ ದೊಡ್ಡ ಖರ್ಚು. ಮೀಟರಿನ ಮುಳ್ಳು ಇಳಿದಾಗ ಮುಂದೆ ಹೋಗಬೇಕೋ ನಿಲ್ಲಬೇಕೋ ಎಂಬ ಪ್ರಶ್ನೆಗೆ ಈ ದಾರಿಯಲ್ಲಿ ಬೆಲೆಯಿತ್ತು.

ಮೀಟರಿಲ್ಲದ ಎಂಜಿನ್, ಹದಿನಾಲ್ಕು ಪೌಂಡಿನ ಎಂಜಿನ್

ಮೊದಲ ತಲೆಮಾರಿನ ಮೋಟಾರುಗಳಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಟಿ ಮಾದರಿಯ ಕಾರಿಗೆ ಆಯಿಲ್ ಪಂಪೂ ಇರಲಿಲ್ಲ, ಒತ್ತಡದ ಮೀಟರೂ ಇರಲಿಲ್ಲ. ತಿರುಗುವ ಫ್ಲೈವೀಲ್ ಆಯಿಲನ್ನು ಎರಚುತ್ತಿತ್ತು, ಅದು ಕೊಳವೆಯೊಂದರಲ್ಲಿ ಇಳಿದು ಬೇರಿಂಗುಗಳ ಕಡೆಗೆ ಹರಿಯುತ್ತಿತ್ತು. ಮಟ್ಟ ನೋಡಲು ಎಂಜಿನ್ನಿನ ತಳದಲ್ಲಿ ಮೇಲೊಂದು ಕೆಳಗೊಂದು ಎರಡು ನಲ್ಲಿಗಳಿದ್ದವು. ಮೇಲಿನದರಿಂದ ಆಯಿಲ್ ಸುರಿದರೆ ಸಾಕಷ್ಟಿದೆ ಎಂದರ್ಥ. ಕೆಳಗಿನದರಿಂದಲೂ ಬಾರದಿದ್ದರೆ ಗಾಡಿ ನಡೆಸುವಂತಿರಲಿಲ್ಲ. ಉಳಿದದ್ದನ್ನು ಎಂಜಿನ್ನಿನ ಸದ್ದು ಹೇಳಬೇಕಾಗಿತ್ತು.

ಜನರಲ್ ಮೋಟಾರ್ಸ್ ಕಂಪನಿ 1928ರಲ್ಲಿ ಮುಂಬಯಿಯಲ್ಲಿ ಜೋಡಣಾ ಕಾರ್ಖಾನೆ ತೆರೆದ ಮೇಲೆ ಷೆವರ್ಲೆ ವಾಹನಗಳು ಪ್ರಾಂತ್ಯದಲ್ಲಿ ಹರಡಿದವು. ಅವುಗಳ ಆರು ಸಿಲಿಂಡರಿನ ಎಂಜಿನ್ನಿಗೆ ಪಂಪು ಇತ್ತು, ಮೀಟರೂ ಇತ್ತು. ಆದರೆ ಪಂಪಿನ ಒತ್ತಡದ ಆಯಿಲ್ ಕ್ರ್ಯಾಂಕಿನ ಮುಖ್ಯ ಬೇರಿಂಗುಗಳಿಗೆ ಹೋಗುತ್ತಿತ್ತೇ ಹೊರತು ಕನೆಕ್ಟಿಂಗ್ ರಾಡುಗಳ ಬೇರಿಂಗುಗಳಿಗೆ ಹೋಗುತ್ತಿರಲಿಲ್ಲ. ಕನೆಕ್ಟಿಂಗ್ ರಾಡುಗಳು ತಮ್ಮ ತುದಿಯ ಸೌಟಿನಂಥ ಭಾಗದಿಂದ ಆಯಿಲನ್ನು ಮೊಗೆದುಕೊಳ್ಳುತ್ತಿದ್ದವು. ಈ ಎಂಜಿನ್ನಿನ ಮೀಟರಿನ ಅಂಕಿ ಮುಗಿಯುತ್ತಿದ್ದುದೇ ಚದರ ಅಂಗುಲಕ್ಕೆ 30 ಪೌಂಡಿಗೆ, ಬಿಸಿ ಎಂಜಿನ್ 14 ಪೌಂಡಿನ ಆಸುಪಾಸು ತೋರಿಸಿದರೆ ಅದು ಆರೋಗ್ಯ. ಪೂರ್ಣ ಒತ್ತಡದ ವ್ಯವಸ್ಥೆ ಇದ್ದ ಫೋರ್ಡ್ ವಿ–8 ಎಂಜಿನ್ ಅದೇ ಅಂಕಿ ತೋರಿಸಿದರೆ ಯೋಚಿಸಬೇಕಾಗಿತ್ತು.

ಎರಡನೆಯ ಮಹಾಯುದ್ಧದ ನಂತರ ಈ ವ್ಯತ್ಯಾಸ ಹೆಚ್ಚು ಗೊಂದಲ ತರುವಂತಾಯಿತು. ಸೈನ್ಯಕ್ಕೆಂದು ಕೆನಡಾದಲ್ಲಿ ತಯಾರಾದ ಲಾರಿಗಳು ಯುದ್ಧ ಮುಗಿದ ಮೇಲೆ ಹೆಚ್ಚುವರಿ ಸಾಮಗ್ರಿಯಾಗಿ ಭಾರತದಲ್ಲಿ ಖಾಸಗಿಯವರ ಕೈಸೇರಿದವು. ಒಂದೇ ನಕ್ಷೆಯ ಮೇಲೆ ಫೋರ್ಡ್ ಮತ್ತು ಷೆವರ್ಲೆ ಎರಡೂ ಕಂಪನಿಗಳು ಅವನ್ನು ತಯಾರಿಸಿದ್ದರಿಂದ ಹೊರಗಿನಿಂದ ನೋಡಲು ಎರಡೂ ಹೆಚ್ಚುಕಡಿಮೆ ಒಂದೇ. ಒಳಗೆ ಮಾತ್ರ ಒಂದರಲ್ಲಿ ವಿ–8, ಇನ್ನೊಂದರಲ್ಲಿ ಮೊಗೆದುಕೊಳ್ಳುವ ಆರು ಸಿಲಿಂಡರ್. ಯುದ್ಧಕಾಲದ ವಿಲ್ಲಿಸ್ ಜೀಪಿನದು ಮೂರನೆಯ ಲೆಕ್ಕ. ಅದರ ಮೀಟರು 80 ಪೌಂಡಿನವರೆಗೆ ಇತ್ತು, ದಾರಿಯ ವೇಗದಲ್ಲಿ ಸುಮಾರು 35, ನಿಂತು ಓಡುವಾಗ ಸುಮಾರು 10 ಪೌಂಡ್ ಸಹಜವಾಗಿತ್ತು. ಅಂಕಿಯನ್ನು ಓದುವ ಮೊದಲು ಎಂಜಿನ್ ಯಾವುದೆಂದು ತಿಳಿಯಬೇಕೆಂಬುದು ಈ ಕಸುಬಿನ ಮೊದಲ ಪಾಠವಾಯಿತು. ಅಲ್ಲಿಂದಿಲ್ಲಿಗೆ ಎಂಜಿನ್ ಬದಲಾಯಿಸಿಕೊಂಡ ಹಳೆಯ ಗಾಡಿಗಳಲ್ಲಿ ಮೀಟರು ಒಂದು ಕಂಪನಿಯದು, ಎಂಜಿನ್ ಇನ್ನೊಂದರದು ಆಗಿರುವುದರಿಂದ ಇಂದಿಗೂ ಆ ಪಾಠಕ್ಕೆ ಬೆಲೆಯಿದೆ.

ತಾಮ್ರದ ನಳಿಗೆಯ ಕಾಲ

ಈ ಹಳೆಯ ಮೀಟರುಗಳೆಲ್ಲ ಯಾಂತ್ರಿಕವಾದವು. ಪ್ಯಾರಿಸಿನ ಯೂಜೀನ್ ಬೂರ್ಡೋನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ ಅವುಗಳ ಒಳಗಿದೆ. ಚಪ್ಪಟೆ ಮಾಡಿ ಬಾಗಿಸಿದ ಲೋಹದ ಕೊಳವೆಗೆ ಒತ್ತಡ ಕೊಟ್ಟರೆ ಅದು ತುಸು ನೇರವಾಗಲು ನೋಡುತ್ತದೆ, ಆ ಚಲನೆ ಸಣ್ಣ ಹಲ್ಲುಚಕ್ರಗಳ ಮೂಲಕ ಮುಳ್ಳನ್ನು ತಿರುಗಿಸುತ್ತದೆ. ಎಂಜಿನ್ನಿನೊಳಗೆ ಆಯಿಲ್ ಹರಿಯುವ ಮುಖ್ಯ ಕಾಲುವೆಯಾದ ಗ್ಯಾಲರಿಯಿಂದ ಮೀಟರಿನವರೆಗೆ ಸಣ್ಣ ತಾಮ್ರದ ನಳಿಗೆಯಲ್ಲಿ ಆಯಿಲೇ ಬರುತ್ತದೆ. ನಡುವೆ ವಿದ್ಯುತ್ತಿಲ್ಲ, ತಂತಿಯಿಲ್ಲ.

ಆದ್ದರಿಂದ ಅದರ ತಪ್ಪುಗಳು ಕಣ್ಣಿಗೆ ಕಾಣುವಂಥವು. ಅದುರಿ ಅದುರಿ ಗಡಸಾದ ತಾಮ್ರ ಬಿರುಕು ಬಿಟ್ಟರೆ ಚಾಲಕನ ಕಾಲ ಬುಡದಲ್ಲಿ ಆಯಿಲ್ ಸೋರುತ್ತದೆ. ನಳಿಗೆ ನುಗ್ಗಾದರೆ ಅಥವಾ ಕಪ್ಪು ಜಿಡ್ಡು ಕಟ್ಟಿದರೆ ಮುಳ್ಳು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಎಂಜಿನ್ ನಿಂತ ಮೇಲೂ ಮುಳ್ಳು ಸೊನ್ನೆಗೆ ಬಾರದಿದ್ದರೆ ಒಳಗಿನ ಕೊಳವೆ ಅತಿಯಾದ ಒತ್ತಡ ಕಂಡು ಶಾಶ್ವತವಾಗಿ ಹಿಗ್ಗಿದೆ, ಇಲ್ಲವೇ ಹಲ್ಲು ಸಿಕ್ಕಿಕೊಂಡಿದೆ. ಅಂಥ ಮೀಟರಿನ ಯಾವ ಅಂಕಿಗೂ ಅರ್ಥವಿಲ್ಲ. ಪರೀಕ್ಷೆಯೂ ಸರಳ: ನಳಿಗೆಯನ್ನು ಬಿಚ್ಚಿ, ಸರಿಯೆಂದು ಗೊತ್ತಿರುವ ಇನ್ನೊಂದು ಮೀಟರನ್ನು ಅದೇ ಜಾಗಕ್ಕೆ ಕಟ್ಟಿ, ಎರಡರ ಅಂಕಿಯನ್ನು ಹೋಲಿಸುವುದು. ಮುಂದೆ ಬಂದ ಎಲ್ಲ ಪರೀಕ್ಷೆಗಳೂ ಕೊನೆಗೆ ಈ ಪರೀಕ್ಷೆಗೇ ಮರಳುತ್ತವೆ.

ಡೀಸೆಲ್ ಲಾರಿ ಮತ್ತು ಹೊಸ ಅಳತೆ

1954ರಲ್ಲಿ ಟಾಟಾ ಸಂಸ್ಥೆಯ ಟೆಲ್ಕೊ, ಜರ್ಮನಿಯ ಡೈಮ್ಲರ್–ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. 1955ರಲ್ಲಿ ಅಶೋಕ್ ಮೋಟಾರ್ಸ್ ಅಶೋಕ್ ಲೇಲ್ಯಾಂಡ್ ಆಯಿತು. ಆರು ಸಿಲಿಂಡರಿನ ಡೀಸೆಲ್ ಎಂಜಿನ್ ಘಟ್ಟದ ದಾರಿಯ ಸಾಮಾನ್ಯ ಎಂಜಿನ್ ಆಗುತ್ತ ಬಂತು. 1956ರ ನವೆಂಬರ್ 1ರಂದು ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಅದೇ ವರ್ಷದ ತೂಕ ಮತ್ತು ಅಳತೆ ಕಾಯ್ದೆಯ ಪ್ರಕಾರ 1958ರ ಅಕ್ಟೋಬರಿನಿಂದ ದೇಶದಲ್ಲಿ ಮೆಟ್ರಿಕ್ ಪದ್ಧತಿ ಹಂತ ಹಂತವಾಗಿ ಜಾರಿಗೆ ಬಂತು. ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಲೆಕ್ಕದ ಪಕ್ಕದಲ್ಲಿ ಚದರ ಸೆಂಟಿಮೀಟರಿಗೆ ಇಷ್ಟು ಕಿಲೊ ಎಂಬ ಲೆಕ್ಕ ಬಂದು ನಿಂತಿತು. ಒತ್ತಡದ ಈ ಲೆಕ್ಕದಲ್ಲಿ ಒಂದು ಕಿಲೊ ಎಂದರೆ 14.2 ಪೌಂಡ್. ಮುಂದೆ ಬಂದ ಬಾರ್ ಎಂಬ ಅಳತೆ 14.5 ಪೌಂಡಿಗೆ ಸಮ. ಒಂದು ಲೆಕ್ಕದಲ್ಲಿ 40 ಸಹಜವಾದರೆ ಇನ್ನೊಂದರಲ್ಲಿ ಹತ್ತಿರಹತ್ತಿರ 3 ಸಹಜ.

1961ರ ಡಿಸೆಂಬರಿನವರೆಗೆ ಕಾರವಾರದ ಉತ್ತರಕ್ಕೆ ಮಾಜಾಳಿಯ ಆಚೆ ಪೋರ್ಚುಗೀಸರ ಗಡಿ. ಗೋವಾ ವಿಮೋಚನೆಯಾದ ಮೇಲೆ ಕರಾವಳಿ ರಸ್ತೆ ಮುಂಬಯಿ ಕಡೆಗೆ ತೆರೆದುಕೊಂಡಿತು. ಕಾಳಿ ನದಿಗೆ ಸೇತುವೆಯಾದದ್ದು 1980ರ ದಶಕದ ಆರಂಭದಲ್ಲಿ. ಅಲ್ಲಿಯವರೆಗೆ ಕಾರವಾರಕ್ಕೂ ಸದಾಶಿವಗಡಕ್ಕೂ ನಡುವೆ ವಾಹನಗಳು ನದಿಯನ್ನು ದೋಣಿ–ಬಾರ್ಜುಗಳಲ್ಲೇ ದಾಟಬೇಕಿತ್ತು. ಬಿಣಗಾದ ರಾಸಾಯನಿಕ ಕಾರ್ಖಾನೆ, ದಾಂಡೇಲಿಯ ಕಾಗದ ಗಿರಣಿ, ಕಾಡಿನ ಮರ, ಬಂದರಿಗೆ ಬರುವ ಅದಿರು, ಇವೆಲ್ಲ ಲಾರಿಗಳ ಸಂಖ್ಯೆಯನ್ನು ಹೆಚ್ಚಿಸಿದವು. 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯ ಐಟಿಐಗಳು ಮೋಟಾರು ಮತ್ತು ಡೀಸೆಲ್ ಮೆಕ್ಯಾನಿಕ್ ಕೆಲಸವನ್ನು ಪಠ್ಯವಾಗಿ ಕಲಿಸತೊಡಗಿದವು. ಮೇಸ್ತ್ರಿಯ ಕೈಕೆಳಗೆ ಪಾನಾ (ಸ್ಪ್ಯಾನರ್) ಹಿಡಿದು ಕಲಿಯುವ ಪದ್ಧತಿಯೂ ಅದರ ಜೊತೆಗೇ ಉಳಿಯಿತು.

ಘಟ್ಟದಲ್ಲಿ ಮುಳ್ಳು ಇಳಿಯುವ ಬಗೆಗಳು

ಒತ್ತಡ ಎಂಬುದು ಪಂಪು ತಳ್ಳುವ ಆಯಿಲಿಗೂ ಬೇರಿಂಗುಗಳ ಸಂದಿನಿಂದ ಜಾರಿಹೋಗುವ ಆಯಿಲಿಗೂ ನಡುವಿನ ಲೆಕ್ಕ. ಆಯಿಲ್ ಬಿಸಿಯಾದಷ್ಟೂ ತೆಳ್ಳಗಾಗಿ ಬೇಗ ಜಾರುತ್ತದೆ, ಒತ್ತಡ ಇಳಿಯುತ್ತದೆ. ಭಾರ ಹೊತ್ತು ಕೆಳಗಿನ ಗೇರಿನಲ್ಲಿ ಅರಬೈಲ್ ಹತ್ತಿದ ಲಾರಿ ಮೇಲೆ ಇಡಗುಂದಿಯ ಬಳಿ ನಿಂತು ಸ್ಲೋದಲ್ಲಿ ಓಡುವಾಗ ಮುಳ್ಳು ಬೆಳಗಿನದಕ್ಕಿಂತ ಕೆಳಗಿರುವುದು ದೋಷವಲ್ಲ. ವೇಗ ಕೊಟ್ಟ ಕೂಡಲೇ ಅದು ಏರಿದರೆ ಎಂಜಿನ್ ಬಹುಮಟ್ಟಿಗೆ ಸರಿಯಾಗಿದೆ. ಬಿಸಿಯಲ್ಲಿ ವೇಗ ಕೊಟ್ಟರೂ ಏರದಿದ್ದರೆ ಪಂಪು ಸವೆದಿದೆ, ಬೇರಿಂಗ್ ಸಡಿಲವಾಗಿದೆ, ಇಲ್ಲವೇ ಹೆಚ್ಚಾದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವು ತೆರೆದೇ ಸಿಕ್ಕಿಕೊಂಡಿದೆ.

ಏರಿನಲ್ಲೂ ತಿರುವಿನಲ್ಲೂ ಮುಳ್ಳು ಬಿದ್ದು, ನೇರ ದಾರಿಗೆ ಬಂದಾಗ ಮತ್ತೆ ಎದ್ದರೆ ಕಾರಣ ಬೇರೆ. ಎಂಜಿನ್ನಿನ ತಳದ ಚೇಂಬರಿನಲ್ಲಿ ಆಯಿಲ್ ಕಡಿಮೆಯಾಗಿ, ಗಾಡಿ ವಾಲಿದಾಗ ಪಂಪಿನ ಜಾಲರಿ ಗಾಳಿಯನ್ನು ಹೀರುತ್ತಿರುತ್ತದೆ. ಇಲ್ಲಿ ಮೀಟರು ನಿಜವನ್ನೇ ಹೇಳುತ್ತಿದೆ, ತಡಮಾಡದೆ ಆಯಿಲ್ ಹಾಕಬೇಕು. ಇದಕ್ಕೆ ವ್ಯತಿರಿಕ್ತವಾದ ಲಕ್ಷಣ ಡೀಸೆಲ್ ಎಂಜಿನ್ನಿನದು: ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರಿರುತ್ತದೆ, ಒತ್ತಡ ಮಾತ್ರ ಇಳಿದಿರುತ್ತದೆ. ಎಲ್ಲೋ ಡೀಸೆಲ್ ಸೋರಿ ಚೇಂಬರಿಗೆ ಬಂದು ಆಯಿಲನ್ನು ತೆಳ್ಳಗಾಗಿಸಿರುತ್ತದೆ. ಕಡ್ಡಿಯನ್ನು ಮೂಸಿದರೆ ಅದು ಗೊತ್ತಾಗುತ್ತದೆ.

ಆಯಿಲಿನ ಜಾತಿಯೂ ಅಂಕಿಯನ್ನು ಬದಲಿಸುತ್ತದೆ. ಬರ್ಮಾ ಷೆಲ್, ಕಾಲ್ಟೆಕ್ಸ್, ಎಸ್ಸೊ ಕಂಪನಿಗಳ ಕಾಲದಲ್ಲಿ 30 ಅಥವಾ 40ರ ಒಂದೇ ದರ್ಜೆಯ ಆಯಿಲ್ ಸಾಮಾನ್ಯವಾಗಿತ್ತು. ಇಂಡಿಯನ್ ಆಯಿಲ್ 1972ರಲ್ಲಿ ಸರ್ವೊ ಹೆಸರಿನಲ್ಲಿ ತನ್ನ ಆಯಿಲನ್ನು ತಂದಿತು. ವಿದೇಶಿ ಕಂಪನಿಗಳು 1974ರಿಂದ 1976ರ ನಡುವೆ ಸರ್ಕಾರದ ಕೈಗೆ ಬಂದವು. ಕ್ರಮೇಣ 20ಡಬ್ಲ್ಯು–40ರಂಥ ಬಹುದರ್ಜೆಯ ಆಯಿಲ್ ಹರಡಿತು. ತಣ್ಣಗಿದ್ದಾಗ ಸಲೀಸಾಗಿ ಹರಿದು, ಬಿಸಿಯಾದಾಗ ಅತಿಯಾಗಿ ತೆಳ್ಳಗಾಗದಿರುವುದು ಅದರ ಗುಣ. ಹಾಗಾಗಿ ಹಳೆಯ ಒಂದೇ ದರ್ಜೆಯ ಆಯಿಲಿನಿಂದ ಅದಕ್ಕೆ ಬದಲಾದಾಗ ಬೆಳಗಿನ ಅಂಕಿ ಮೊದಲಿಗಿಂತ ಕಡಿಮೆ ಕಾಣಬಹುದು, ಅದು ರೋಗವಲ್ಲ. ದಪ್ಪ ಆಯಿಲ್ ತುಂಬಿ ಮುಳ್ಳನ್ನು ಮೇಲೇರಿಸುವ ಹಳೆಯ ಉಪಾಯ ಸವೆದ ಬೇರಿಂಗನ್ನು ಮರೆಮಾಚುತ್ತದೆ, ರಿಪೇರಿ ಮಾಡುವುದಿಲ್ಲ.

ತಂತಿ ಬಂದ ಮೇಲೆ

ಕ್ರಮೇಣ ತಾಮ್ರದ ನಳಿಗೆಯ ಜಾಗಕ್ಕೆ ತಂತಿ ಬಂತು. ಕೊಯಮತ್ತೂರಿನ ಪ್ರಿಕಾಲ್‌ನಂಥ ಕಂಪನಿಗಳು 1970ರ ದಶಕದಿಂದ ಡ್ಯಾಶ್‌ಬೋರ್ಡಿನ ಮೀಟರುಗಳನ್ನು ದೇಶದಲ್ಲೇ ತಯಾರಿಸತೊಡಗಿದವು. ವಿದ್ಯುತ್ ಮೀಟರಿನಲ್ಲಿ ಆಯಿಲ್ ಎಂಜಿನ್ನಿನ ಬಳಿಯಲ್ಲೇ ನಿಲ್ಲುತ್ತದೆ. ಅಲ್ಲಿ ಕೂರಿಸಿದ ಸೆಂಡರಿನ ಒಳಗಿನ ತೆಳು ತಗಡು ಒತ್ತಡಕ್ಕೆ ಬಾಗಿ, ವಿದ್ಯುತ್ ರೋಧವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಮೀಟರು ಆ ರೋಧವನ್ನು ಅಳೆದು ಒತ್ತಡವೆಂದು ತೋರಿಸುತ್ತದೆ. ಸೆಂಡರು ತನ್ನ ಅರ್ಥ್ ಪಡೆಯುವುದು ಬಹುಮಟ್ಟಿಗೆ ಎಂಜಿನ್ನಿನ ಮೈಯಿಂದಲೇ.

ತಪ್ಪಿನ ಜಾಗ ಆಗ ಸೋರುವ ನಳಿಗೆಯಿಂದ ಕಣ್ಣಿಗೆ ಬೀಳದ ಜೋಡಣೆಗಳಿಗೆ ಸರಿಯಿತು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ, ಉಪ್ಪುಗಾಳಿ ಬಿಡದೆ ಬೀಸುವ ಕಾರವಾರದಂಥ ಊರಿನಲ್ಲಿ ತಂತಿಯ ತುದಿಗಳು ಹಸಿರುಗಟ್ಟುತ್ತವೆ, ಅರ್ಥ್ ಪಟ್ಟಿಯ ಕೆಳಗೆ ತುಕ್ಕು ಹಿಡಿಯುತ್ತದೆ. ಹೀಗೆ ಕಿಲುಬು ಹಿಡಿದ ಜೋಡಣೆ ರೋಧವನ್ನು ಹೆಚ್ಚಿಸುತ್ತದೆ. ಅದರ ಪರಿಣಾಮ ಸೆಂಡರಿನ ಬಗೆಯನ್ನು ಅವಲಂಬಿಸಿದೆ. ಜರ್ಮನ್ ವಿಡಿಒ ಮಾದರಿಯ ಸೆಂಡರು ಸೊನ್ನೆ ಒತ್ತಡದಲ್ಲಿ ಸುಮಾರು 10 ಓಮ್, ಪೂರ್ಣ ಒತ್ತಡದಲ್ಲಿ ಸುಮಾರು 180 ಓಮ್ ತೋರುತ್ತದೆ. ಅಲ್ಲಿ ಕಿಲುಬು ಮುಳ್ಳನ್ನು ಇರುವುದಕ್ಕಿಂತ ಮೇಲೆ ತೋರಿಸುತ್ತದೆ, ತಂತಿ ಪೂರ್ತಿ ಕಡಿದರೆ ಮುಳ್ಳು ಕೊನೆಗೆ ಹೋಗಿ ನಿಲ್ಲುತ್ತದೆ, ತಂತಿ ಮೈಗೆ ತಾಗಿದರೆ ಸೊನ್ನೆಗೆ ಬೀಳುತ್ತದೆ. ಅಮೆರಿಕದ ಕೆಲವು ಸೆಂಡರುಗಳು ಇದಕ್ಕೆ ತದ್ವಿರುದ್ಧ: ಸೊನ್ನೆಯಲ್ಲಿ 240, ಪೂರ್ಣದಲ್ಲಿ 33 ಓಮ್. ಅಲ್ಲಿ ಕಿಲುಬು ಮುಳ್ಳನ್ನು ಕೆಳಗಿಳಿಸುತ್ತದೆ. ಮೊದಲ ಬಗೆಯ ತಪ್ಪೇ ಹೆಚ್ಚು ಅಪಾಯದ್ದು, ಏಕೆಂದರೆ ಬೀಳುತ್ತಿರುವ ಒತ್ತಡವನ್ನು ಅದು ಮುಚ್ಚಿಡುತ್ತದೆ. ಸೆಂಡರಿನ ಮರೆಗೆ ಸೋರದಿರಲೆಂದು ದಪ್ಪವಾಗಿ ಟೇಪ್ ಸುತ್ತಿದರೂ ಅರ್ಥ್ ಕೆಟ್ಟು ಇದೇ ಪರಿಣಾಮವಾಗುತ್ತದೆ.

ಬ್ರಿಟಿಷ್ ಮೂಲದ ಹಳೆಯ ಕಾರುಗಳಲ್ಲಿ ಇನ್ನೊಂದು ಭಾಗವಿತ್ತು. ಬ್ಯಾಟರಿಯ ಏರಿಳಿತವನ್ನು ತಡೆದು ಮೀಟರುಗಳಿಗೆ ಸುಮಾರು 10 ವೋಲ್ಟ್ ಕೊಡುವ ಸ್ಟೆಬಿಲೈಜರ್ ಅದು. ಪೆಟ್ರೋಲ್, ಉಷ್ಣತೆ ಮೊದಲಾಗಿ ಅದನ್ನು ಆಧರಿಸಿದ ಮೀಟರುಗಳೆಲ್ಲ ಒಟ್ಟಿಗೆ ತಪ್ಪು ತೋರಿಸಿದರೆ ಸಂಶಯ ಹೋಗಬೇಕಾದದ್ದು ಅಲ್ಲಿಗೆ.

ಮೀಟರಿನ ಬದಲು ಕೆಂಪು ದೀಪವಿರುವ ಗಾಡಿಗಳಲ್ಲಿ ಲೆಕ್ಕ ಇನ್ನೂ ಒರಟು. ಒತ್ತಡ ಸುಮಾರು 0.3ರಿಂದ 0.5 ಬಾರ್‌ಗಿಂತ ಕೆಳಗೆ ಬಿದ್ದಾಗ ಸ್ವಿಚ್ಚು ಕೂಡಿ ದೀಪ ಹತ್ತುತ್ತದೆ. ಅಷ್ಟು ಹೊತ್ತಿಗೆ ಹಾನಿ ಶುರುವಾಗಿರಬಹುದು. ಕೀ ತಿರುಗಿಸಿದಾಗ, ಎಂಜಿನ್ ಹೊತ್ತುವ ಮೊದಲು ದೀಪ ಬೆಳಗಲೇಬೇಕು. ಬೆಳಗದಿದ್ದರೆ ಬಲ್ಬು ಹೋಗಿದೆ ಅಥವಾ ತಂತಿ ಕಡಿದಿದೆ, ಅಂಥ ದೀಪ ಯಾವ ಎಚ್ಚರಿಕೆಯನ್ನೂ ಕೊಡದು.

ನೆಲೆನಿಂತ ಕ್ರಮ

ಈ ಮೂರು ತಲೆಮಾರುಗಳ ಅನುಭವದಿಂದ ಪರೀಕ್ಷೆಗೆ ಒಂದು ಕ್ರಮ ನೆಲೆನಿಂತಿತು. ಸುಲಭವಾದದ್ದು ಮೊದಲು, ಎಂಜಿನ್ ಬಿಚ್ಚುವುದು ಕೊನೆಗೆ ಎಂಬುದು ಅದರ ತತ್ವ. ಓಡುತ್ತಿರುವಾಗ ಮುಳ್ಳು ಬಿದ್ದರೆ ಮೊದಲು ಎಂಜಿನ್ ಆರಿಸಬೇಕು, ಮೀಟರು ಸುಳ್ಳೆಂಬ ಊಹೆಯ ಮೇಲೆ ಘಟ್ಟ ಹತ್ತುವಂತಿಲ್ಲ. ಸಮತಟ್ಟಾದ ಜಾಗದಲ್ಲಿ ಆಯಿಲ್ ಮಟ್ಟ, ಬಣ್ಣ, ವಾಸನೆ ನೋಡಬೇಕು. ಕೆನೆಗಟ್ಟಿದ ಬಿಳಿ ಬಣ್ಣವಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ಆಯಿಲ್ ಹಾಕುವ ಮುಚ್ಚಳದ ಕೆಳಗೆ ಮಾತ್ರ ತುಸು ಕೆನೆ ಕಂಡರೆ ಅದು ತೇವದ ಗುರುತಾಗಿರಬಹುದು, ಕಡ್ಡಿಯಲ್ಲೂ ಕಂಡಾಗ ಮಾತ್ರ ಗಂಭೀರ. ಮಟ್ಟ ಸರಿಯಿದ್ದರೆ ಎಂಜಿನ್ನನ್ನು ಕ್ಷಣಹೊತ್ತು ಓಡಿಸಿ ಸದ್ದು ಕೇಳಬೇಕು. ತಳದಿಂದ ಭಾರವಾದ ಬಡಿತ ಬಂದರೆ ಬೇರಿಂಗಿನ ತೊಂದರೆ, ಮೀಟರಿನ ವಿಚಾರ ಅಲ್ಲಿಗೆ ಮುಗಿಯಿತು.

ಸದ್ದು ಸರಿಯಿದ್ದರೆ ವಿದ್ಯುತ್ತಿನ ಸರದಿ. ಸೆಂಡರಿನ ತಂತಿಯನ್ನು ಬಿಚ್ಚಿ ಒಮ್ಮೆ ಗಾಳಿಯಲ್ಲಿ ಬಿಟ್ಟು, ಒಮ್ಮೆ ಅರ್ಥಿಗೆ ತಾಗಿಸಿ ನೋಡಿದಾಗ ಮುಳ್ಳು ಎರಡು ತುದಿಗಳ ನಡುವೆ ಆಡಿದರೆ ಮೀಟರೂ ತಂತಿಯೂ ಸರಿ, ಸಂಶಯ ಸೆಂಡರಿನ ಮೇಲೆ. ಆಡದಿದ್ದರೆ ತಂತಿ ಅಥವಾ ಮೀಟರು. ತುದಿಗಳನ್ನು ಉಜ್ಜಿ, ಅರ್ಥ್ ಪಟ್ಟಿ ಬಿಗಿದು ಮತ್ತೊಮ್ಮೆ ನೋಡಬೇಕು. ಕೊನೆಯ ತೀರ್ಪು ಸೆಂಡರನ್ನು ಬಿಚ್ಚಿ ಆ ತೂತಿಗೆ ಸರಿಯೆಂದು ಗೊತ್ತಿರುವ ಯಾಂತ್ರಿಕ ಮೀಟರನ್ನು, ಅಂದರೆ ಮಾಸ್ಟರ್ ಮೀಟರನ್ನು ಕಟ್ಟಿ, ಎಂಜಿನ್ ಬಿಸಿಯಾದ ಮೇಲೆ ಸ್ಲೋದಲ್ಲೂ ವೇಗದಲ್ಲೂ ಅಂಕಿ ಓದಿ, ತಯಾರಕರ ಕೈಪಿಡಿಯ ಅಂಕಿಯೊಡನೆ ಹೋಲಿಸುವುದರಿಂದ ಬರುತ್ತದೆ. ಕೈಪಿಡಿ ಇಲ್ಲದಾಗ 1000 ಸುತ್ತಿಗೆ 10 ಪೌಂಡ್ ಎಂಬ ಸ್ಥೂಲ ಲೆಕ್ಕ ಬಳಕೆಯಲ್ಲಿದೆ. ಮಾಸ್ಟರ್ ಮೀಟರೂ ಕಡಿಮೆ ತೋರಿಸಿದರೆ ಮಾತ್ರ ಫಿಲ್ಟರು, ರಿಲೀಫ್ ವಾಲ್ವು, ಆ ಮೇಲೆ ಚೇಂಬರ್ ಇಳಿಸಿ ಜಾಲರಿ, ಪಂಪು, ಕಟ್ಟಕಡೆಗೆ ಬೇರಿಂಗ್.

2000ದ ದಶಕದಲ್ಲಿ ಬಳ್ಳಾರಿ, ಸಂಡೂರಿನ ಕಬ್ಬಿಣದ ಅದಿರು ಬೇಲೆಕೇರಿ ಬಂದರಿಗೆ ಇಳಿದಾಗ ಈ ದಾರಿ ಹಿಂದೆಂದೂ ಕಾಣದಷ್ಟು ಭಾರದ ಲಾರಿಗಳನ್ನು ಕಂಡಿತು. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿದ ಮೇಲೆ ಆ ಓಟ ನಿಂತಿತು. 2017ರ ಬಿಎಸ್–4, 2020ರ ಬಿಎಸ್–6 ಹೊಗೆ ನಿಯಮಗಳೊಂದಿಗೆ ಹೊಸ ಲಾರಿಗಳ ಎಂಜಿನ್ ಕಂಪ್ಯೂಟರಿನ ಹಿಡಿತಕ್ಕೆ ಬಂತು. ಸೆಂಡರಿನ ಅಂಕಿ ಈಗ ಮೊದಲು ಕಂಪ್ಯೂಟರಿಗೆ ಹೋಗುತ್ತದೆ, ಡ್ಯಾಶ್‌ಬೋರ್ಡ್ ತೋರಿಸುವುದು ಅದು ಕಳಿಸಿದ್ದನ್ನು. ಕೆಲವು ವಾಹನಗಳಲ್ಲಿ ಒತ್ತಡ ಒಂದು ಮಿತಿಯ ಮೇಲಿದ್ದರೆ ಸಾಕು, ಮುಳ್ಳು ನಡುಮಧ್ಯದಲ್ಲೇ ನಿಲ್ಲುತ್ತದೆ. ಹೊಸ ಗಾಡಿಗೆ ಸ್ಕ್ಯಾನರ್ ಹಚ್ಚಿ ದೋಷದ ಕೋಡ್ ಓದಬಹುದು, ಆದರೆ ಕೋಡ್ ಹೇಳುವುದು ಸೆಂಡರಿನ ಸಂಕೇತ ಸರಿಯಿಲ್ಲ ಎಂದಷ್ಟೇ. ತಪ್ಪು ಸೆಂಡರಿನದೋ ಎಂಜಿನ್ನಿನದೋ ಎಂದು ತೀರ್ಮಾನಿಸಲು ಗ್ಯಾಲರಿಯ ತೂತಿಗೆ ಮಾಸ್ಟರ್ ಮೀಟರನ್ನು ಕಟ್ಟುವ ಕೆಲಸ ಹಳೆಯ ಜೀಪಿಗೂ ಹೊಸ ಲಾರಿಗೂ ಒಂದೇ.